ಪ್ರತಿಕ್ರಿಯೆ: ದಸರಾ ಮೆರವಣಿಗೆಯ 16 ಎಂಎಂ ರೀಲಿನಿಂದ ವಿನೆಗರ್ ವಾಸನೆ

ತಾತ ತೆಗೆದ ದಸರಾ ಮೆರವಣಿಗೆಯ 16 ಎಂಎಂ ಫಿಲ್ಮ್ ರೀಲು ಟ್ರಂಕಿನಲ್ಲಿ ಸಿಕ್ಕಿದೆ, ವಿನೆಗರ್ ವಾಸನೆ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹುಳಿ ವಾಸನೆ ಬರುತ್ತಿದ್ದರೆ ಫಿಲ್ಮಿನ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಪಟ್ಟಿಯೇ ಕೊಳೆಯಲು ಶುರುವಾಗಿದೆ ಅಂತ ಬಹುತೇಕ ಖಚಿತ. ನಿಮ್ಮ ತಾತ ತೆಗೆದ ಮೆರವಣಿಗೆ ನೋಡುವ ಆಸೆ ಸಹಜ, ಆದರೆ ಟ್ರಂಕಿನಲ್ಲೇ ಸಿಕ್ಕ ಹಳೆ ಪ್ರೊಜೆಕ್ಟರಿಗೆ ಮಾತ್ರ ಹಾಕಬೇಡಿ. ಕೊಳೆತಂತೆ ಫಿಲ್ಮು ಕುಗ್ಗುತ್ತದೆ, ಆಗ ಅದರ ಅಂಚಿನ ತೂತುಗಳು ಪ್ರೊಜೆಕ್ಟರಿನ ಹಲ್ಲುಚಕ್ರದ ಹಲ್ಲಿಗೆ ಸರಿಯಾಗಿ ಕೂರದೆ ಸಾಲಾಗಿ ಹರಿಯುತ್ತವೆ.

ಎಷ್ಟು ಕುಗ್ಗಿದೆ ಅನ್ನೋದು ವಾಸನೆಯಿಂದ ತಿಳಿಯದು, ಅಳೆಯಬೇಕು. ಮೊದಲ ತೂತಿನ ಮೇಲಂಚಿನಿಂದ 101ನೇ ತೂತಿನ ಮೇಲಂಚಿನವರೆಗೆ ಸ್ಟೀಲ್ ಸ್ಕೇಲ್ ಇಡಿ. ಹೊಸ ಫಿಲ್ಮಿನಲ್ಲಿ ಇದು ಸುಮಾರು 762 ಮಿ.ಮೀ. 756ಕ್ಕಿಂತ ಕಡಿಮೆ ಬಂದರೆ ಫಿಲ್ಮನ್ನು ಡಿಜಿಟಲ್ ಮಾಡಲು ಹಲ್ಲುಚಕ್ರವಿಲ್ಲದ ಸ್ಕ್ಯಾನರೇ ಆಗಬೇಕು. ಬಿಚ್ಚುವಾಗ ಸುರುಳಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಫಿಲ್ಮ್ ಲ್ಯಾಬಿಗೆ ಕೊಡಿ.

ಅಲ್ಲಿಯವರೆಗೆ ತುಕ್ಕು ಹಿಡಿದ ಡಬ್ಬಿಯಿಂದ ತೆಗೆದು ಗಾಳಿಯಾಡುವ ಪಾಲಿಪ್ರೊಪಿಲೀನ್ (ಪ್ಲಾಸ್ಟಿಕ್) ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಬೇರೆ ರೀಲುಗಳಿಂದ ದೂರ ಇರಲಿ, ಈ ಆವಿ ಅವನ್ನೂ ಕೆಡಿಸುತ್ತದೆ.

ಎರಡೂ ಅಂಚಿನಲ್ಲಿ ತೂತಿದ್ದರೆ ಅದು ಮೂಕ ಫಿಲ್ಮು. ಹೆಚ್ಚಾಗಿ ಸೆಕೆಂಡಿಗೆ 16 ಫ್ರೇಮಿನಲ್ಲಿ (ಚಿತ್ರಗಳಲ್ಲಿ) ತೆಗೆದಿರುತ್ತಾರೆ. ಹಾಗಿದ್ದರೆ 100 ಅಡಿಗೆ 4 ನಿಮಿಷ 10 ಸೆಕೆಂಡು ಬರಬೇಕು. ಲ್ಯಾಬಿನವರು ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಅಂಬಾರಿ ಆನೆಯೂ ದಡಬಡ ಓಡುತ್ತದೆ!

ಯಾವ ಇಸವಿಯದು ಅಂತ ತಿಳಿಯಲು: ಕೊಡಾಕ್ ಕಂಪನಿಯ ಫಿಲ್ಮಾದರೆ ಅಂಚಿನಲ್ಲಿ ಸಣ್ಣ ವೃತ್ತ, ಚೌಕ, ತ್ರಿಕೋನದ ಗುರುತು ಇರುತ್ತದೆ. ಅದು ಫಿಲ್ಮು ತಯಾರಾದ ವರ್ಷ, 20 ವರ್ಷಕ್ಕೊಮ್ಮೆ ಅದೇ ಗುರುತು ಮರಳುತ್ತದೆ. 1936ಕ್ಕೂ 1956ಕ್ಕೂ ಹೊಂದುವಂತಿದ್ದರೆ ಅಂಬಾರಿಯಲ್ಲಿ ಯಾರಿದ್ದಾರೆ ನೋಡಿ: ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದದ್ದು 1940ರಲ್ಲಿ.

ಸ್ಕ್ಯಾನ್ ಆದ ಮೇಲೂ ಮೂಲ ರೀಲು ಎಸೆಯಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ತೆಗೆದುಕೊಳ್ಳುತ್ತಾರಾ ವಿಚಾರಿಸಿ.