ಎಡಗೈ ಪ್ಯಾಡಲ್ ಇರುವುದು ಘಟ್ಟ ಇಳಿಯಲಿಕ್ಕೆ

ಪ್ರಶ್ನೆ: ಹೊಸದಾಗಿ ಆಟೊಮ್ಯಾಟಿಕ್ ಕಾರು ತೆಗೆದುಕೊಂಡಿದ್ದೇನೆ. ಸ್ಟೇರಿಂಗ್ ಹಿಂದೆ ಗೇರ್ ಏರಿಸಲು ಪ್ಲಸ್, ಇಳಿಸಲು ಮೈನಸ್ ಎಂದು ಬರೆದ ಎರಡು ಪ್ಯಾಡಲ್ ಇವೆ. ವಾರಕ್ಕೊಮ್ಮೆ ಶಿರಸಿಯಿಂದ ಕುಮಟಾಕ್ಕೆ ಇಳಿಯಬೇಕು. ಪ್ಯಾಡಲ್ ಬಳಸಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆ, ಘಟ್ಟದಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಾರೆ ನಮ್ಮ ಮಾವ. ಹೌದಾ?

ಉತ್ತರ: ಮಾವನವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಎರಡೂ ತಪ್ಪು. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಒಮ್ಮೆ ಮಾವ, ಒಮ್ಮೆ ದೊಡ್ಡಪ್ಪ, ಒಮ್ಮೆ ‘ಮೂವತ್ತು ವರ್ಷ ಲಾರಿ ಹೊಡೆದವರು’. ಹೇಳುವವರು ಬೇರೆ, ಮಾತು ಅದೇ. ಹಾಗಾಗಿ ಈ ಸಲ ಜಾಗವನ್ನೆಲ್ಲ ಇದಕ್ಕೇ ಕೊಡುತ್ತೇನೆ.

ಮೊದಲು ಪೆಟ್ರೋಲ್ ವಿಷಯ ಮುಗಿಸೋಣ. ಮಾವ ಕಾರು ಕಲಿತದ್ದು ಕಾರ್ಬುರೇಟರ್ ಕಾಲದಲ್ಲಿ. ಆಗ ಆ ಮಾತಿನಲ್ಲಿ ಅಷ್ಟಿಷ್ಟು ಹುರುಳಿತ್ತು. ಈಗಿನ ಇಂಜೆಕ್ಷನ್ ಎಂಜಿನ್ ಹಾಗಲ್ಲ. ಕಾರು ಗೇರಿನಲ್ಲಿದ್ದು, ಎಕ್ಸಲೇಟರ್‌ನಿಂದ ಕಾಲು ಪೂರ್ತಿ ತೆಗೆದು, ಎಂಜಿನ್ ಒಂದು ಮಟ್ಟದ ಮೇಲೆ ತಿರುಗುತ್ತಿದ್ದರೆ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಒಂದು ಹನಿ ಪೆಟ್ರೋಲ್ ಖರ್ಚಿಲ್ಲ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ನೋಡಿಕೊಳ್ಳಲು ಅದಕ್ಕೆ ಮತ್ತೆ ಪೆಟ್ರೋಲ್ ಹೋಗಬೇಕು. ಅಂದರೆ ನೀವು ಪೆಟ್ರೋಲ್ ಸುಡುತ್ತಾ, ಎಂಜಿನ್ನಿನ ಹಿಡಿತವನ್ನೂ ಕಳೆದುಕೊಂಡು ಇಳಿಯುತ್ತಿದ್ದೀರಿ. ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಎಂಜಿನ್ನಿನ ಶಕ್ತಿ ದಾಟಿಸುವ) ಗೇರ್‌ಬಾಕ್ಸ್ ಆದರೆ ಇನ್ನೂ ಒಂದು ತೊಂದರೆ. ಅದರ ಆಯಿಲ್ ಪಂಪು ಎಂಜಿನ್ನಿನ ಜೊತೆಗೇ ತಿರುಗುವಂಥದ್ದು. ಎಂಜಿನ್ ಐಡಲಿಂಗ್‌ನಲ್ಲಿ, ಕಾರು ಮಾತ್ರ 60ರ ವೇಗದಲ್ಲಿ ಎಂದರೆ ಒಳಗೆ ಸುತ್ತುವ ಭಾಗಗಳಿಗೆ ಆಯಿಲ್ ಸಾಲುವುದಿಲ್ಲ. ಗೇರ್‌ಬಾಕ್ಸ್ ಕೆಡಿಸುವುದು ಪ್ಯಾಡಲ್ ಅಲ್ಲ, ಮಾವನ ನ್ಯೂಟ್ರಲ್.

ಇನ್ನು ಬ್ರೇಕ್. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಕುಮಟಾ ಕಡಲ ಪಕ್ಕದಲ್ಲಿ. ಜನ, ಸಾಮಾನು ಎಲ್ಲ ಸೇರಿ 1500 ಕಿಲೋ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಎಷ್ಟು ಶಕ್ತಿ ಎಲ್ಲಿಗಾದರೂ ಹೋಗಬೇಕು ಗೊತ್ತೇ? 2 ಯೂನಿಟ್ ಕರೆಂಟಿನಷ್ಟು. 25 ಲೀಟರ್ ತಣ್ಣೀರನ್ನು ಕುದಿಸಲು ಅದು ಸಾಕು. ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ, ಒಪ್ಪಿದೆ. ಉಳಿದದ್ದನ್ನೆಲ್ಲ ಅಂಗೈ ಅಗಲದ ಬ್ರೇಕ್ ಪ್ಯಾಡುಗಳೇ ನುಂಗಬೇಕು ಎನ್ನುವುದು ಬಚ್ಚಲ ಹಂಡೆಯ ಉರಿಯನ್ನು ಚಕ್ರದೊಳಗೆ ಹೊತ್ತಿಸಿದಂತೆ.

ಕಳೆದ ವರ್ಷ ಕತಗಾಲದಲ್ಲಿ ಚಹಾ ಕುಡಿಯಲು ನಿಂತಿದ್ದೆ. ಘಟ್ಟ ಇಳಿದು ಬಂದ ಒಂದು ಬಿಳಿ ಕಾರು ಪಕ್ಕಕ್ಕೆ ನಿಂತಿತು. ಕಾರಿಗಿಂತ ಮೊದಲು ವಾಸನೆ ಬಂತು, ಸುಟ್ಟ ರಬ್ಬರಿನಂಥ, ಮೂಗಿಗೆ ಹೊಡೆಯುವ ಘಾಟು. ಮುಂದಿನ ಎರಡೂ ಚಕ್ರದ ಸಂದಿಯಿಂದ ತೆಳ್ಳಗೆ ಹೊಗೆ. ಇಳಿದ ಹುಡುಗ ಬಿಸಲೇರಿ ಬಾಟಲಿ ತೆಗೆದು ಡಿಸ್ಕಿಗೆ ನೀರು ಹೊಯ್ಯಲು ಹೊರಟ. ‘ತಡಿಯೋ ಮಾರಾಯ!’ ಎಂದು ಕೂಗಿದೆ. ಕೆಂಪಗೆ ಕಾದ ಕಾವಲಿಗೆ ತಣ್ಣೀರು ಬಿದ್ದರೆ ಏನಾಗುತ್ತದೋ ಡಿಸ್ಕಿಗೂ ಅದೇ, ಸೊಟ್ಟಾಗುತ್ತದೆ, ಬಿರುಕೂ ಬಿಡಬಹುದು. ‘ಕೊನೆಯ ಎರಡು ತಿರುವಲ್ಲಿ ಪೆಡಲ್ ಸೀದಾ ಕೆಳಗೇ ಹೋಯ್ತು ಅಣ್ಣಾ, ಸ್ಪಂಜ್ ತುಳಿದ ಹಾಗೆ’ ಎಂದ. ಬ್ರೇಕ್ ಆಯಿಲ್ ಕುದಿದು ಆವಿಯಾದ ಲಕ್ಷಣ ಅದು. ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಪ್ಯಾಡು ಕಾದದ್ದು. ಎರಡಕ್ಕೂ ಮೂಲ ಒಂದೇ, ಮೇಲಿಂದ ಕೆಳಗಿನವರೆಗೆ ಬ್ರೇಕಿನ ಮೇಲಿಂದ ಕಾಲು ತೆಗೆಯದಿರುವುದು. ಅವನ ಕಾರಿನಲ್ಲಿಯೂ ಪ್ಯಾಡಲ್ ಇದ್ದವು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ.

ಆ ಭಾರವನ್ನು ಎಂಜಿನ್ ಹೊರುವಂತೆ ಮಾಡುವುದೇ ಮೈನಸ್ ಪ್ಯಾಡಲ್ಲಿನ ಕೆಲಸ. ಈಗ ಅದನ್ನು ಬಳಸುವ ಕ್ರಮ. ಘಟ್ಟ ಶುರುವಾಗುವಲ್ಲಿನ ದೇವಿಮನೆ ದೇವಸ್ಥಾನದ ಎದುರು ಎಲ್ಲರೂ ಹೇಗೂ ವೇಗ ಇಳಿಸುತ್ತೀರಿ, ಕೆಲವರು ಕೈಯನ್ನೂ ಮುಗಿಯುತ್ತೀರಿ. ಗೇರ್ ಲಿವರನ್ನು ‘ಎಂ’ಗೆ (ಮ್ಯಾನುಯಲ್) ಅಥವಾ ‘ಎಸ್’ಗೆ (ಸ್ಪೋರ್ಟ್) ತಳ್ಳುವುದೂ ಅಲ್ಲೇ ಆಗಲಿ. ‘ಡಿ’ಯಲ್ಲಿಟ್ಟುಕೊಂಡೇ (ಡ್ರೈವ್) ಪ್ಯಾಡಲ್ ಎಳೆದರೂ ಗೇರ್ ಇಳಿಯುತ್ತದೆ, ಆದರೆ ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲಿ ಅದು ತಾನೇ ವಾಪಸ್ ಆಟೊಮ್ಯಾಟಿಕ್‌ಗೆ ಹೋಗಿ ಮೇಲಿನ ಗೇರ್ ಹಾಕಿಕೊಂಡುಬಿಡುತ್ತದೆ. ನೀವು ಮೂರನೇ ಗೇರಿನಲ್ಲಿದ್ದೇನೆ ಎಂದುಕೊಂಡಿರುತ್ತೀರಿ, ಕಾರು ಐದರಲ್ಲಿ ಓಡುತ್ತಿರುತ್ತದೆ. ಆ ನಂಬಿಕೆಯಲ್ಲೇ ತಿರುವಿಗೆ ನುಗ್ಗಿದವರನ್ನು ನೋಡಿದ್ದೇನೆ.

ಕಾಲನ್ನು ಎಕ್ಸಲೇಟರ್‌ನಿಂದ ತೆಗೆಯಿರಿ. ಬ್ರೇಕ್ ಒತ್ತಿ ವೇಗ ಇಳಿಸಿ. ಎಡಗೈ ಬೆರಳಿನಿಂದ ಮೈನಸ್ ಪ್ಯಾಡಲನ್ನು ಒಮ್ಮೆ ಎಳೆಯಿರಿ. ಎಂಜಿನ್ ಗುರ್ ಎನ್ನುತ್ತದೆ, ಅದರ ಸುತ್ತು ತೋರಿಸುವ ಮುಳ್ಳು (ಆರ್‌ಪಿಎಂ) ಮೇಲೇರುತ್ತದೆ. ಹೆದರಬೇಡಿ, ಬೇಕಾದದ್ದು ಅದೇ. ಅದು ನೆಲೆಯಾದ ಮೇಲೆ ಬೇಕಿದ್ದರೆ ಇನ್ನೊಮ್ಮೆ. ಪಟಪಟನೆ ಮೂರು ಸಲ ಎಳೆಯಲು ಇದು ಕಾಲಿಂಗ್ ಬೆಲ್ ಅಲ್ಲ. ಗೇರ್ ಸರಿಯಾಗಿದೆಯೇ ಎಂದು ತಿಳಿಯುವುದಕ್ಕೆ ಪುಸ್ತಕ ಬೇಡ. ನೇರ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಕಾರು ಅದೇ ವೇಗದಲ್ಲಿ ಇದ್ದರೆ ಸರಿ ಇದೆ, ವೇಗ ಏರುತ್ತಾ ಹೋದರೆ ಇನ್ನೊಂದು ಗೇರ್ ಇಳಿಸಬೇಕು. ಪೆಟ್ರೋಲ್ ಎಂಜಿನ್ ಆದರೆ ಮುಳ್ಳು 3000ದ ಆಸುಪಾಸಿನಲ್ಲಿ ಓಡಾಡಿದರೆ ಅದಕ್ಕೆ ಏನೂ ಆಗುವುದಿಲ್ಲ. ಹೇರ್‌ಪಿನ್ ತಿರುವುಗಳಿಗೆ ಸಾಮಾನ್ಯವಾಗಿ ಎರಡು, ಉಳಿದಲ್ಲಿ ಮೂರು. ನನ್ನ ಅಭ್ಯಾಸ ಅದು.

ಗೇರ್ ಇಳಿಸುವುದನ್ನು ತಿರುವಿಗೆ ಮೊದಲೇ, ಸ್ಟೇರಿಂಗ್ ನೇರ ಇರುವಾಗಲೇ ಮುಗಿಸಿ. ನಮ್ಮಲ್ಲಿ ಓಡುವ ಬಹುತೇಕ ಕಾರುಗಳಲ್ಲಿ ಪ್ಯಾಡಲ್ ಸ್ಟೇರಿಂಗ್ ಜೊತೆಗೇ ತಿರುಗುತ್ತದೆ. ಹೇರ್‌ಪಿನ್‌ನಲ್ಲಿ ಸ್ಟೇರಿಂಗ್ ಅರ್ಧ ಸುತ್ತು ಹೊಡೆದಾಗ ಎಡದ ಪ್ಯಾಡಲ್ ಬಲಕ್ಕೆ ಬಂದಿರುತ್ತದೆ, ಮೈನಸ್ ಎಂದು ಪ್ಲಸ್ ಎಳೆಯುತ್ತೀರಿ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಒದ್ದೆ ರಸ್ತೆಯಲ್ಲಿ, ಅದರಲ್ಲೂ ಎಲೆ ಬಿದ್ದು ಕೊಳೆತ ಜಾಗದಲ್ಲಿ, ಜೋರಿನಲ್ಲಿದ್ದಾಗ ಒಮ್ಮೆಲೇ ಗೇರ್ ಇಳಿಸಿದರೆ ಮುಂದಿನ ಚಕ್ರ ಜಾರುತ್ತದೆ. ಮೊದಲು ಬ್ರೇಕ್, ಆಮೇಲೆ ಪ್ಯಾಡಲ್. ಎಂಜಿನ್ ಹಿಡಿತದಿಂದ ವೇಗ ಇಳಿದಾಗ ಹಿಂದಿನ ಕೆಂಪು ಲೈಟು ಹತ್ತುವುದಿಲ್ಲ ಎನ್ನುವುದನ್ನೂ ಮರೆಯಬೇಡಿ. ಹಿಂದೆ ಲಾರಿ ಇದ್ದರೆ ಬ್ರೇಕ್ ಪೆಡಲನ್ನು ಒಮ್ಮೆ ಮೆಲ್ಲಗೆ ತಾಗಿಸಿ, ಅವನಿಗೆ ಗೊತ್ತಾಗಲಿ.

ಬಲಗೈಯ ಪ್ಲಸ್ ಪ್ಯಾಡಲ್? ಅದನ್ನು ಮರೆತೇಬಿಡಿ ಎನ್ನುತ್ತೇನೆ ನಾನು. ಕತಗಾಲ ಬಂದ ಮೇಲೆ ಲಿವರನ್ನು ‘ಡಿ’ಗೆ ತನ್ನಿ, ಮುಗಿಯಿತು. ಈ ಪ್ಯಾಡಲ್ ಹುಟ್ಟಿದ್ದು ರೇಸಿಗೆ ನಿಜ. 1989ರಲ್ಲಿ ಫೆರಾರಿ ತನ್ನ ಫಾರ್ಮುಲಾ ಒನ್ ಕಾರಿಗೆ ತಂದಿತು, ಮೊದಲ ರೇಸನ್ನೇ ಬ್ರೆಜಿಲ್‌ನಲ್ಲಿ ನೈಜಲ್ ಮ್ಯಾನ್ಸೆಲ್ ಗೆದ್ದ. ಆದರೆ ನಿಮ್ಮ ಡಿಕ್ಕಿಯಲ್ಲಿರುವುದು ಅಡಿಕೆ ಚೀಲ.

ಬ್ರೇಕ್ ಬಿಸಿಯಾಯಿತು ಅನ್ನಿಸಿದರೆ ನಿಲ್ಲಿಸಿ, ತಾನಾಗಿ ತಣಿಯಲಿ. ಆದರೆ ಕಡಿದ ಗುಡ್ಡದ ಬುಡದಲ್ಲಿ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ಮಳೆಗಾಲದಲ್ಲಿ ಗುಡ್ಡದ ಕೆಳಗೆ ಚಹಾಕ್ಕೂ ನಾನು ನಿಲ್ಲುವುದಿಲ್ಲ. ರಾತ್ರಿ ಮಳೆಯಲ್ಲಿ ಘಟ್ಟ ಇಳಿಯುವುದನ್ನೂ ಬಿಟ್ಟಿದ್ದೇನೆ. ಪುಕ್ಕಲ ಎನ್ನುವವರು ಅನ್ನಲಿ.

ಪ್ರಶ್ನೆ: ನನ್ನ ಕಾರಿನಲ್ಲಿ ಪ್ಯಾಡಲ್ ಇಲ್ಲ. ಹೊರಗಿನಿಂದ ಹಾಕಿಸಬಹುದೇ? ಒಬ್ಬರು ಅರ್ಧ ದಿನದಲ್ಲಿ ಮಾಡಿಕೊಡುತ್ತೇನೆ ಎಂದಿದ್ದಾರೆ. (ಕಾರವಾರ)

ಉತ್ತರ: ಅವರ ಅಂಗಡಿಯಿಂದ ಕಾರು ತಗೊಂಡು ಸೀದಾ ಮನೆಗೆ ಹೋಗಿ. ಪ್ಯಾಡಲ್ ಕೂರಿಸಲು ಸ್ಟೇರಿಂಗ್ ಬಿಚ್ಚಬೇಕು, ಅದಕ್ಕೆ ಏರ್‌ಬ್ಯಾಗ್ ಕೀಳಬೇಕು. ಬ್ಯಾಟರಿ ತಂತಿಯನ್ನೂ ಬಿಚ್ಚದೆ ಏರ್‌ಬ್ಯಾಗ್‌ಗೆ ಸ್ಕ್ರೂಡ್ರೈವರ್ ಹಾಕುವ ಮಹಾಶಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವುದು ಪ್ಯಾಡಲ್ ಅಲ್ಲ, ಇರುವ ಪ್ಯಾಡಲ್ ಮೇಲೆ ಅಂಟಿಸುವ ತುಂಡು. ನಿಮಗೆ ಬೇಕಾದದ್ದು ಕೆಳಗಿನ ಗೇರ್ ತಾನೇ? ಲಿವರಿನಲ್ಲಿ ಮ್ಯಾನುಯಲ್ ಗೇಟ್, ಅಂದರೆ ಪ್ಲಸ್-ಮೈನಸ್ ಜಾಗ, ಇದ್ದರೆ ಅದೇ ಕೆಲಸ ಮಾಡುತ್ತದೆ. ಎಎಂಟಿಯವರಿಗೂ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಕಂಪ್ಯೂಟರ್ ನಡೆಸುವ ಕಾರು) ಇದೇ ಉತ್ತರ. ‘ಎಲ್’ (ಲೋ) ಎಂದಿದ್ದರೆ ಅದೂ ಘಟ್ಟಕ್ಕೇ ಕೊಟ್ಟದ್ದು.

ಪ್ರಶ್ನೆ: 100ರ ವೇಗದಲ್ಲಿ ತಪ್ಪಿ ಮೈನಸ್ ಎಳೆದು ಒಂದನೇ ಗೇರ್ ಬಿದ್ದರೆ? (ಅಂಕೋಲಾ)

ಉತ್ತರ: ಬೀಳುವುದಿಲ್ಲ. ಕಂಪ್ಯೂಟರ್ ಒಪ್ಪುವುದಿಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನಲ್ಲಿಯೂ ಪ್ಯಾಡಲ್ ಇದೆ. ಗೇರೇ ಇಲ್ಲವಲ್ಲ? (ಹೊನ್ನಾವರ)

ಉತ್ತರ: ಅದು ಗೇರಿಗಲ್ಲ, ಕಾಲು ತೆಗೆದಾಗ ಮೋಟಾರು ಎಷ್ಟು ಬಿಗಿಯಾಗಿ ಕಾರನ್ನು ಹಿಡಿದು ಬ್ಯಾಟರಿಗೆ ಚಾರ್ಜ್ ಕೊಡಬೇಕು ಎಂದು ಹೇಳುವುದಕ್ಕೆ. ಘಟ್ಟ ಇಳಿಯುವಾಗ ಹೆಚ್ಚಿಸಿಕೊಳ್ಳಿ. ಆದರೆ ಘಟ್ಟದ ಮೇಲೇ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟರೆ ಆ ಚಾರ್ಜಿಗೆ ಜಾಗ ಇರುವುದಿಲ್ಲ, ಮೋಟಾರಿನ ಹಿಡಿತ ಸಡಿಲವಾಗುತ್ತದೆ.

ಪ್ರಶ್ನೆ: ಪ್ಯಾಡಲ್ ಬಳಸಿದರೆ ಮೈಲೇಜ್ ಹೆಚ್ಚುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಅರಬೈಲು ಘಟ್ಟದಲ್ಲಿ ಲಾರಿಗಳ ಹಿಂದೆ ಹತ್ತುವಾಗ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ಬಂತು. ಪ್ಯಾಡಲ್ ಬಳಸಬೇಕಿತ್ತೇ? (ಯಲ್ಲಾಪುರ)

ಉತ್ತರ: ನಿಮ್ಮದು ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಇರಬೇಕು. ಏರಿನಲ್ಲಿ ಬ್ರೇಕ್ ಒತ್ತುವ ಬದಲು ಎಕ್ಸಲೇಟರ್ ಮೇಲೇ ಕಾರನ್ನು ತೂಗಿಸಿಕೊಂಡು ನಿಂತಿರುತ್ತೀರಿ, ಕ್ಲಚ್ ಜಾರುತ್ತಾ ಸುಡುತ್ತದೆ. ಬ್ರೇಕ್ ಹಾಕಿ ನಿಲ್ಲಿ. ಲಾರಿ ಮೂರು ಕಾರಿನಷ್ಟು ಮುಂದೆ ಹೋದ ಮೇಲೆ ಒಂದೇ ಸಲಕ್ಕೆ ಹೊರಡಿ. ಪ್ಯಾಡಲ್ಲಿಗೂ ಇದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಮಗಳು ಈಗಷ್ಟೇ ಲೈಸೆನ್ಸ್ ಮಾಡಿಸಿದ್ದಾಳೆ. ಪ್ಯಾಡಲ್ ಕಲಿಸುವುದು ಎಲ್ಲಿಂದ? (ಕುಮಟಾ)

ಉತ್ತರ: ಮೊದಲ ದಿನ ಮನೆಯಂಗಳದಲ್ಲಿ, ಎಂಜಿನ್ ಆಫ್ ಇರುವಾಗ. ಕೆಳಗೆ ನೋಡದೆ ಎಡಬೆರಳು ಮೈನಸ್ ಹುಡುಕಬೇಕು. ಎರಡನೇ ದಿನ ಬೆಳಿಗ್ಗೆ ಬೇಗ, ಅಂಕೋಲಾ ಕಡೆಯ ಹೈವೇಯಲ್ಲಿ. ಹಿಂದೆ ಯಾರೂ ಇಲ್ಲದಾಗ 60ರಲ್ಲಿ ಕಾಲು ತೆಗೆದು ಒಂದು ಗೇರ್ ಇಳಿಸಲಿ, ಕಾರು ಹೇಗೆ ಹಿಂದಕ್ಕೆ ಎಳೆಯುತ್ತದೆ ಎಂದು ಮೈಗೆ ತಿಳಿಯಲಿ. ಇದನ್ನೇ ಇಪ್ಪತ್ತು ಸಲ. ಆಮೇಲೆ ದೇವಿಮನೆ, ಒಣ ರಸ್ತೆಯಲ್ಲಿ, ಹಗಲಿನಲ್ಲಿ. ಮೊದಲು ಹತ್ತಿ ರಸ್ತೆ ನೋಡಿಕೊಂಡು ನಂತರ ಇಳಿಯಿರಿ. ನೀವು ಪಕ್ಕದ ಸೀಟಿನಲ್ಲಿ ಕೂತು ಪ್ರತಿ ತಿರುವಿಗೂ ‘ಬ್ರೇಕ್, ಬ್ರೇಕ್’ ಎಂದು ಕೂಗುವವರಾದರೆ ಮಾತ್ರ ಬೇರೆ ಯಾರನ್ನಾದರೂ ಕಳಿಸಿ.