ಓದುಗರ ಪ್ರಶ್ನೆ: ನೀರು, ನೆಂಟರು, ಬಿಸಿಲು

ಪ್ರಶ್ನೆ: ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರು ಪಂಪ್ ಇಟ್ಟು ನೀರು ಎಳೆದುಕೊಳ್ಳುತ್ತಾರೆ. ನಮಗೆ ಬರೀ ಕೆಸರು. ಮನುಷ್ಯ ಹುಟ್ಟಾ ಸ್ವಾರ್ಥಿ ಅಲ್ವಾ?
(ರೈತರು, ಮಾನ್ವಿ)

ಉತ್ತರ: ಹುಟ್ಟಾ ಅಂತ ನನಗೆ ಅನಿಸಿಲ್ಲ. ಹೊಲ ಎಲ್ಲಿದೆ ಅನ್ನೋದು ಹುಟ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಈ ಕಾಲುವೆ ಯೋಜಿಸಿದವರ ತಲೆಯಲ್ಲಿ ಇಷ್ಟೊಂದು ಭತ್ತ ಇರಲಿಲ್ಲ. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ತುಸು ತುಸು ನೀರು ಕೊಟ್ಟು, ಬರದ ಸೀಮೆಯಲ್ಲಿ ಆದಷ್ಟು ಹೊಲ ಉಳಿಸಬೇಕು ಅನ್ನೋದು ಅವರ ಲೆಕ್ಕ. 1953ರಲ್ಲಿ ಅಣೆಕಟ್ಟು ಮುಗಿಯಿತು, ಗಂಗಾವತಿ, ಸಿಂಧನೂರು ಕಡೆ ಗದ್ದೆಗಳು ಹರಡಿದವು, ಅಕ್ಕಿ ಗಿರಣಿಗಳು ಎದ್ದವು. ಭತ್ತ ಹಾಕಿದವನ ಕೈಗೆ ದುಡ್ಡು ಬಂತು. ಪಕ್ಕದವನು ಕಾಗದದಲ್ಲಿ ತನಗೆ ಜೋಳ ಬರೆದಿದೆ ಅಂತ ಸುಮ್ನೆ ಕೂಡುತ್ತಾನಾ? ಅವನೂ ಹಾಕಿದ. ಒಬ್ಬೊಬ್ಬರ ಆಸೆಯೂ ನ್ಯಾಯವಾಗೇ ಕಾಣುತ್ತದೆ, ಆದರೆ ಎಲ್ಲ ಸೇರಿ ನೀರು ಮಾನ್ವಿ, ಸಿರವಾರ ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ.

ಕಳ್ಳತನ ಸರಿ ಅಂತ ಹೇಳುತ್ತಿಲ್ಲ, ಪಂಪ್ ಕೀಳಿಸಲೇಬೇಕು. ಆದರೆ ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ತೂಬಿಗೆ ಅಪರೂಪಕ್ಕೆ ನೀರು ಬಂದ ರಾತ್ರಿ, ನಿಮಗಿಂತ ಕೆಳಗಿನ ಹೊಲದವರಿಗೆ ಎಷ್ಟು ಹೊತ್ತಿಗೆ ಬಿಡುತ್ತೀರಿ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಮೇಲಿನವರಿಗೂ ಕೆಳಗಿನವರಿಗೂ ಒಂದೇ ಚಿಂತೆ ಇತ್ತು. ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿದರು, ಮಳೆ ಬಂದು ಡ್ಯಾಮ್ ಮತ್ತೆ ತುಂಬಿತು, ಹಳೇ ಜಗಳವೂ ವಾಪಸ್ ಬಂತು. ಬುದ್ಧಿಮಾತಿನಿಂದ ಇದು ನಿಲ್ಲುವುದಿಲ್ಲ. ನೀರು ಅಳೆದು ಬಿಡುವವರು ಬೇಕು, ರಾತ್ರಿ ಕಾಯುವವರು ಬೇಕು.

ಪ್ರಶ್ನೆ: ಗಣಿ ಕಾಲದಲ್ಲಿ ನಮ್ಮ ಮನೆ ಮುಂದೆ ಎರಡು ಲಾರಿ ಇದ್ದವು, ಮನೆ ತುಂಬ ನೆಂಟರು. ಗಣಿ ನಿಂತ ಮೇಲೆ ಯಾರೂ ಹಣಿಕಿ ನೋಡಲಿಲ್ಲ. ಈಗ ಮಗನಿಗೆ ನೌಕರಿ ಸಿಕ್ಕಿದೆ, ಮತ್ತೆ ಬರುತ್ತಿದ್ದಾರೆ. ಬಾಗಿಲು ತೆಗೆಯಬೇಕಾ?
(ಓದುಗರು, ಸಂಡೂರು)

ಉತ್ತರ: ತೆಗೆಯಿರಿ, ಚಹಾ ಕೊಡಿ. ಜಾಮೀನಿಗೆ ಸಹಿ ಮಾತ್ರ ಹಾಕಬೇಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಿಮ್ಮ ಲಾರಿಯೊಂದೇ ನಿಂತದ್ದಲ್ಲ. ಸಾಲ ಮಾಡಿ ಲಾರಿ ಕೊಂಡವರು, ಅವರಿಗೆ ಜಾಮೀನು ಬಿದ್ದವರು, ಡ್ರೈವರ್, ಕ್ಲೀನರ್, ದಾರಿ ಬದಿಯ ಹೋಟೆಲ್, ಪಂಕ್ಚರ್ ಅಂಗಡಿ, ಎಲ್ಲರಿಗೂ ಒಟ್ಟಿಗೇ ಹೊಡೆತ ಬಿತ್ತು. ನೀವು ಸಾಲ ಕೇಳಬಹುದು ಅಂತ ಕೆಲವರು ತಪ್ಪಿಸಿಕೊಂಡಿರುತ್ತಾರೆ, ನಿಜ. ಆದರೆ ಬಂದರೆ ತಾವೇ ಕೈ ಚಾಚಬೇಕಾದೀತು ಅಂತ ನಾಚಿ ದೂರ ಉಳಿದವರೂ ಇರುತ್ತಾರೆ. ಅಂಥವರ ಮನೆಗೆ ಆಗ ನೀವೂ ಹೋಗಿರಲಿಲ್ಲ ಅಲ್ವಾ?

ಪ್ರಶ್ನೆ: ಕಷ್ಟ ಹೇಳಿಕೊಂಡರೆ ಆಡಿಕೊಳ್ಳುತ್ತಾರೆ, ಹೇಳದಿದ್ದರೆ ಸೊಕ್ಕು ಅನ್ನುತ್ತಾರೆ. ಏನು ಮಾಡಲಿ?
(ಗೃಹಿಣಿ, ಕೊಪ್ಪಳ)

ಉತ್ತರ: ಹೇಗೂ ಅನ್ನುತ್ತಾರೆ ಅಂದ ಮೇಲೆ ಹೇಳಿಕೊಂಡುಬಿಡಿ ಅಕ್ಕ, ಊರಿಗೆಲ್ಲ ಬೇಡ, ಒಬ್ಬರಿಗೆ ಸಾಕು. ಗವಿಸಿದ್ಧೇಶ್ವರ ಜಾತ್ರೆಗೆ ಹೆಂಗಸರೆಲ್ಲ ಕೂತು ರೊಟ್ಟಿ ಬಡಿಯುತ್ತಾರಲ್ಲ, ಅಲ್ಲಿ ನಿಮ್ಮ ಕಥೆ ಕೇಳುತ್ತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದವರು ಯಾರೋ ನೋಡಿ. ಬಾಯಿ ತೆರೆದು ಕೂತು ಕೇಳಿದವರು ಅದನ್ನು ಸಂಜೆಗೆ ಓಣಿಗೆಲ್ಲ ಮುಟ್ಟಿಸುತ್ತಾರೆ.

ಪ್ರಶ್ನೆ: ಏಪ್ರಿಲ್ ಬಂತು ಅಂದರೆ ನಮ್ಮ ಯಜಮಾನರು ಎಲ್ಲದಕ್ಕೂ ಸಿಡುಕುತ್ತಾರೆ. ಇದು ಸ್ವಭಾವವೋ, ಬಿಸಿಲೋ?
(ಓದುಗರು, ರಾಯಚೂರು)

ಉತ್ತರ: ಮಳೆಗಾಲದಲ್ಲೂ ಸಿಡುಕಿದರೆ ಸ್ವಭಾವ. ಬಿಸಿಲಿನ ಪಾಲೂ ಇದೆ ಬಿಡಿ. 42 ಡಿಗ್ರಿ ದಾಟುವ ಊರಲ್ಲಿ ರಾತ್ರಿಯೂ ಗೋಡೆ ಕಾದಿರುತ್ತದೆ, ನಿದ್ದೆ ಆಗುವುದಿಲ್ಲ, ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ. ಸಂಜೆ ಮಾಳಿಗೆಗೆ ನೀರು ಹೊಡೆಯಿರಿ, ಮಜ್ಜಿಗೆ ಕೊಡಿ. ಆಮೇಲೆ ಒಂದು ವಾರ ಗಮನಿಸಿ, ಅವರು ಸಾಹೇಬರ ಮೇಲೂ ಹೀಗೇ ಸಿಡುಕುತ್ತಾರಾ, ಇಲ್ಲ ಮನೆಯಲ್ಲಿ ಮಾತ್ರವಾ? ಮನೆಯಲ್ಲಿ ಮಾತ್ರ ಅಂದರೆ ಬಿಸಿಲಿನದೇನೂ ತಪ್ಪಿಲ್ಲ, ಮಜ್ಜಿಗೆ ಅವರೇ ಮಾಡಿಕೊಳ್ಳಲಿ.