ಪ್ರತಿಕ್ರಿಯೆ: ಒಪೆರಾ ಮಿನಿಯಲ್ಲಿ ಕನ್ನಡದ ಬದಲು ಚೌಕಗಳು
ಜಾವಾ ಮೊಬೈಲಿನ (ಸ್ಮಾರ್ಟ್‌ಫೋನ್ ಅಲ್ಲದ ಹಳೆಯ ಮಾದರಿಯ ಫೋನಿನ) ಒಪೆರಾ ಮಿನಿ ಬ್ರೌಸರ್‌ನಲ್ಲಿ ಕನ್ನಡ ಪತ್ರಿಕೆಯ ಜಾಲತಾಣ ತೆರೆದರೆ ಬರೀ ಚೌಕಗಳು ಕಾಣುತ್ತವೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದಕ್ಕೆ ಕಾರಣ ಬಹುತೇಕ ಒಂದೇ: ನಿಮ್ಮ ಹ್ಯಾಂಡ್‌ಸೆಟ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ದಯವಿಟ್ಟು ಜಿಪಿಆರ್‌ಎಸ್ (ಮೊಬೈಲ್ ಇಂಟರ್‌ನೆಟ್ ಸಂಪರ್ಕದ) ಸೆಟ್ಟಿಂಗ್ ಮುಟ್ಟಬೇಡಿ. ಪುಟ ತೆರೆಯುತ್ತಿದೆ ಎಂದಮೇಲೆ ಅದು ಸರಿಯಾಗಿಯೇ ಇದೆ.

ವಿಳಾಸ ಬರೆಯುವ ಜಾಗದಲ್ಲಿ ಮೊದಲೇ ಇರುವ ಅಕ್ಷರಗಳನ್ನೆಲ್ಲ ಅಳಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಒಪೆರಾ:ಕಾನ್ಫಿಗ್’ (opera:config) ಎಂದು, ನಡುವೆ ಎಲ್ಲಿಯೂ ಜಾಗ ಬಿಡದೆ, ಬರೆದು ತೆರೆಯಿರಿ. ಬರುವ ಪುಟದ ಕೆಳಭಾಗಕ್ಕೆ ಹೋದರೆ ‘ಯೂಸ್ ಬಿಟ್‌ಮ್ಯಾಪ್ ಫಾಂಟ್ಸ್ ಫಾರ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ (ಕನ್ನಡದಂಥ ಲಿಪಿಗಳನ್ನು ಚಿತ್ರವಾಗಿ ತೋರಿಸು) ಎಂಬ ಸಾಲು ಸಿಗುತ್ತದೆ. ಅಲ್ಲಿ ‘ನೋ’ ಇರುವುದನ್ನು ‘ಯೆಸ್’ ಮಾಡಿ, ‘ಸೇವ್’ ಒತ್ತಿ. ಸೇವ್ ಒತ್ತದೆ ಹೊರಬಂದರೆ ಬದಲಾವಣೆ ಉಳಿಯುವುದಿಲ್ಲ. ಆಮೇಲೆ ಪತ್ರಿಕೆಯ ಪುಟವನ್ನು ಹೊಸದಾಗಿ ಲೋಡ್ ಮಾಡಿ.

ಇನ್ನು ಮುಂದೆ ಕನ್ನಡದ ಪಠ್ಯ ಒಪೆರಾ ಸರ್ವರಿನಲ್ಲೇ ಚಿತ್ರವಾಗಿ ಸಿದ್ಧವಾಗಿ ಬರುತ್ತದೆ, ಒತ್ತಕ್ಷರಗಳೂ ತಮ್ಮ ಜಾಗದಲ್ಲೇ ಕೂರುತ್ತವೆ. ಓದಲು ನಿಜಕ್ಕೂ ಸಂತೋಷವಾಗುತ್ತದೆ! ಆದರೆ ಚಿತ್ರವಾದ್ದರಿಂದ ಡೇಟಾ ಹೆಚ್ಚು ಖರ್ಚಾಗುತ್ತದೆ. ಕೆಬಿ ಲೆಕ್ಕದಲ್ಲಿ ಹಣ ಕಡಿತವಾಗುತ್ತಿದ್ದರೆ ಮೊದಲು ತಿಂಗಳ ಪ್ಯಾಕ್ ಹಾಕಿಸಿಕೊಳ್ಳಿ.

ನಿಮ್ಮ ಒಪೆರಾ ಮಿನಿಯ ಆವೃತ್ತಿ ಯಾವುದೆಂದು ನೀವು ಬರೆದಿಲ್ಲ. ಮೇಲೆ ಹೇಳಿದ ‘ಯೂಸ್ ಬಿಟ್‌ಮ್ಯಾಪ್ ಫಾಂಟ್ಸ್’ ಸಾಲು ಕಾಣದಿದ್ದರೆ ನಿಮ್ಮ ಆವೃತ್ತಿ ತೀರಾ ಹಳೆಯದಿರಬಹುದು. ಹೊಸ ಆವೃತ್ತಿ ಹಾಕಿಕೊಂಡು ಇದೇ ಕ್ರಮದಲ್ಲಿ ಮಾಡಿ.